ಸಪ್ಪೆರಾಯರು

ನಮ್ಮ ಪರೀಕ್ಷಾಲಯದ ಸಪ್ಪೆರಾಯರ ಬಾಯಲ್ಲಿ 'ಸಪ್ಪೆ' ಎನ್ನುವುದು ದೂರಲ್ಲ, ಬಿರುದು. ಊರಾಚೆಯ ಗ್ಯಾಸ್ ತೆಗೆಯುವ ಬಾವಿಯಲ್ಲಿ ಗ್ಯಾಸಿನ ಜೊತೆ ಮೇಲೆ ಬರುವ ಉಪ್ಪುನೀರು ಹಳ್ಳಕ್ಕೆ ಸೇರದಂತೆ ಕಣ್ಣಿಡುವುದು ಅವರ ಕೆಲಸ. ದಿನಾ ಬೆಳಿಗ್ಗೆ ಪ್ಯಾಂಟು ಮಡಚಿ ನೀರಿಗಿಳಿದು, ಉಪ್ಪಳೆಯುವ ಮೀಟರನ್ನು ಮೂರು ಸಲ ಅದ್ದಿ, ಮೂರು ಸಲವೂ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ. ಹೆಂಡತಿ ಅಡುಗೆಗೆ ಉಪ್ಪು ಮರೆತ ದಿನ "ಆಹಾ, ಎಷ್ಟು ಸಪ್ಪೆ ಕಣೇ!" ಎಂದು ಮೆಚ್ಚಲು ಹೋಗಿ, "ನಾಲಿಗೇನೂ ಹಳ್ಳದಲ್ಲೇ ಬಿಟ್ಟು ಬಂದ್ರಾ?" ಎಂದು ಬೈಸಿಕೊಂಡಿದ್ದಾರೆ. ಅಳಿಯನಾಗುವವನನ್ನು ಬೀಗರೆದುರೇ "ಹುಡುಗ ಒಳ್ಳೇ ಸಪ್ಪೆ" ಎಂದು ಹೊಗಳಿ ಎಲ್ಲರನ್ನೂ ಕಂಗಾಲು ಮಾಡಿದ್ದರು. ಮೂರು ಮೂರು ಸಲ ಅದ್ದುವುದು ಯಾಕೆಂದು ಮಾತ್ರ ನಾವ್ಯಾರೂ ಕೇಳುವುದಿಲ್ಲ. ಮೂರು ವರ್ಷದ ಹಿಂದೆ ಅಂಕಿ ಒಮ್ಮೆಲೇ ಏರಿದಾಗ ಅವರು 'ಮೀಟರು ಕೆಟ್ಟಿದೆ' ಎಂದು ಬರೆದು ರಿಪೇರಿಗೆ ಕಳಿಸಿದ್ದರು. ಕೆಟ್ಟಿದ್ದು ಹಳ್ಳ. ಬಾವಿಯ ಉಪ್ಪುನೀರಿನ ಹೊಂಡ ಒಡೆದಿತ್ತು. ಮೀಟರು ವಾಪಸು ಬರುವಷ್ಟರಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಮೇಲೆ ಹೊಂಡ ಮುಚ್ಚಿದರು, ಅಂಕಿ ನಿಧಾನವಾಗಿ ಇಳಿಯಿತು, ಮೀನು ಮಾತ್ರ ಬರಲಿಲ್ಲ. ಮೊನ್ನೆ ನಾನು ಬಾಟಲಿ ಹಿಡಿದು ದಡದಲ್ಲಿದ್ದೆ. ಎರಡನೇ ಸಲ ಮೀಟರು ಅದ್ದಿದ ರಾಯರು ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತರು. "ಏನಾಯ್ತು ಸಾರ್?" ಎಂದೆ. "ಶ್! ಕಾಲು ಕಚ್ತಿವೆ ಕಣಯ್ಯಾ." ಬೆರಳುದ್ದದ ಮರಿಮೀನುಗಳು ಅವರ ಹಿಮ್ಮಡಿಯನ್ನು ಮುತ್ತಿದ್ದವು. ಅವತ್ತು ಮೂರನೇ ಸಲ ಅದ್ದದೆ ರಾಯರು ಸರಸರನೆ ದಡ ಹತ್ತಿ, ನೀರಿಗೆ ಬೆನ್ನು ಮಾಡಿ ಕಣ್ಣೊರೆಸಿಕೊಂಡರು. "ಇದೂ ಉಪ್ಪೇ ಅಲ್ವೇನಯ್ಯಾ, ಬಿದ್ದಿದ್ರೆ ರೀಡಿಂಗ್ ಕೆಡ್ತಿತ್ತು."