ಲೈಬ್ರರಿ ಮೇಡಂ ವಹಿಸಿದ ಪರಿಚಯ ಭಾಷಣ

ಮೊನ್ನೆ ಶಿಕಾರಿಪುರದಲ್ಲಿ ಮದುವೆಯೊಂದಕ್ಕೆ ಹೋಗಿದ್ದೆ. ಯಾರೋ ಪುಣ್ಯಾತ್ಮರು ನನ್ನ ಮುಖದೆದುರಿಗೇ ಜಮಖಾನ ಕೊಡವಿದರು. ಏಳು ಸೀನು ಬಂದವು. ಎಂಟನೆಯದಕ್ಕೆ ಕಾಯುತ್ತಿರುವಾಗ ನಮ್ಮೂರಿನ ಲೈಬ್ರರಿ ಮೇಡಂ ನೆನಪಾದರು... ಅವರ ಜಮಖಾನದ ಧೂಳಿಗೂ ಇದೇ ವಾಸನೆಯಿತ್ತು.

ನಮ್ಮೂರು ಆನವಟ್ಟಿಯಿಂದ ಬೈಕಿನಲ್ಲಿ ಕಾಲು ಗಂಟೆಯ ದಾರಿ. ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಗೆ ಗ್ರಂಥಾಲಯವೆಂದು ಹೆಸರು. ಅಲ್ಲಿ ನಾವು ಪೇಪರ್ ಓದುತ್ತಿದ್ದೆವು, ಓದುತ್ತ ನಿದ್ರೆ ಮಾಡುತ್ತಿದ್ದೆವು. ಊರಿಗೆ ಇಷ್ಟು ಸಂಸ್ಕೃತಿ ಧಾರಾಳವಾಯಿತೆಂಬುದು ಹಿರಿಯರ ಅಭಿಪ್ರಾಯವಾಗಿತ್ತು. ಹೊಸದಾಗಿ ಬಂದ ಮೇಡಂ ಒಪ್ಪಲಿಲ್ಲ. ತಿಂಗಳಿಗೊಂದು ಭಾನುವಾರ ಜಮಖಾನ ಹಾಸಿ, ಊರಿನವರೊಬ್ಬರನ್ನು ಅತಿಥಿಯಾಗಿ ಕೂರಿಸಿ, ಅವರ ಕಸುಬು, ಬದುಕಿನ ಬಗ್ಗೆ ಮಾತಾಡಿಸತೊಡಗಿದರು. ಸ್ವಾಗತ, ಪರಿಚಯ, ವಂದನಾರ್ಪಣೆ ಎಲ್ಲವೂ ಶಾಸ್ತ್ರೋಕ್ತ. ಒಂದು ಕಟ್ಟಳೆ ಮಾತ್ರ ಅವರದೇ ಸ್ವಂತದ್ದು: ಅತಿಥಿಯ ಜೊತೆ ಮಾತು ಬಿಟ್ಟವರೇ ಅತಿಥಿಯ ಪರಿಚಯ ಭಾಷಣ ಮಾಡಬೇಕು. ಆ ಲೆಕ್ಕದಲ್ಲಿ ನಮ್ಮೂರಿನಲ್ಲಿ ಭಾಷಣಕಾರರಿಗೆ ಬರವಿರಲಿಲ್ಲ.

ಒಂದು ತಿಂಗಳು ನನ್ನ ಸರದಿ ಬಂತು. ಅತಿಥಿ, ನನ್ನ ಹೊಲದ ಬದುವಿನಾಚೆಯವನು, ಕುರಿ ಸಾಕುವವನು, ಚಿಕ್ಕಂದಿನ ಗೆಳೆಯ. ಅವನ ಕುರಿಗಳು ನನ್ನ ಮೆಕ್ಕೆಜೋಳಕ್ಕೆ ನುಗ್ಗಿದ ಮೇಲೆ ಎರಡು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ನನ್ ಕೈಲಾಗಲ್ಲ ಮೇಡಂ. ಅವನ ವಿಷಯ ನಂಗೇನೂ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಹೋಗಿ ಕೇಳ್ಕಂಡ್ ಬರ್ರಿ ಯಜಮಾನ್ರೆ. ಅದಕ್ಕೇ ನಿಮಗೆ ಒಪ್ಸಿದ್ದು."

ಹೋದೆ. ಕೈಯಲ್ಲಿ ನೋಟ್‌ಬುಕ್ಕು, ಮುಖದಲ್ಲಿ ಜನಗಣತಿಗೆ ಬಂದವನ ಗಾಂಭೀರ್ಯ. ಹುಟ್ಟಿದ ವರ್ಷ ಯಾವುದೆಂದು ಕೇಳಿದೆ.

"ನಿಂಗ್ ಗೊತ್ತಿಲ್ಲೇನಲೇ? ಒಂದೇ ಬೆಂಚಲ್ಲಿ ಕುಂತು ಒಟ್ಟಿಗೇ ಫೇಲಾದೋರಲ್ಲೇನು ನಾವು!"

ನಾನು ಅದನ್ನೂ ಬರೆದುಕೊಂಡೆ. ಆಮೇಲೆ ನಿಧಾನವಾಗಿ ಹೇಳಿದ: ಕುರಿ ನುಗ್ಗಿದ ದಿನ ಅವನು ಶಿವಮೊಗ್ಗದ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ಇದ್ದನಂತೆ. ಮಂದೆಯ ಹಿಂದೆ ಯಾರೂ ಇರಲಿಲ್ಲ... ಆ ತಾಯಿ ನನಗೂ ಎಷ್ಟೋ ಸಲ ರೊಟ್ಟಿ ಬಡಿಸಿದವರು. ಅವರು ತೀರಿಕೊಂಡಾಗ ನಾನು ಆ ಬೀದಿಗೂ ಹೋಗಿರಲಿಲ್ಲ.

ಭಾನುವಾರ ಕೋಣೆ ತುಂಬಿತ್ತು. ನಾಲ್ಕು ಪುಟ ಬರೆದೊಯ್ದಿದ್ದೆ. ಆ ತಾಯಿಯ ಹೆಸರು ಬರುತ್ತಲೇ ಅದೇ ಸಾಲನ್ನು ಮೂರು ಸಲ ಓದಿದೆ, ಮುಂದಕ್ಕೆ ಹೋಗಲಾಗಲಿಲ್ಲ. ಸಭಿಕರು ಅದನ್ನು ವಾಕ್ಚಾತುರ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ತಟ್ಟಲಿಲ್ಲ. ನೀರಿನ ಲೋಟವನ್ನು ನನ್ನತ್ತ ಸರಿಸಿದರು. ಅತಿಥಿ ಮಹಾಶಯ ಎದ್ದು, "ಇವನು ಹೇಳಿದ್ರಾಗೆ ಅರ್ಧ ಸುಳ್ಳು" ಎಂದು ಶುರುಮಾಡಿ, ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಒಂದು ಗಂಟೆ ಮಾತಾಡಿದ.

ಮೇಡಂ ಯಾರ ಜಗಳವನ್ನೂ ಬಗೆಹರಿಸಲಿಲ್ಲ, ಯಾರಿಗೂ ಬುದ್ಧಿ ಹೇಳಲಿಲ್ಲ. ಇಷ್ಟು ಕಡಿಮೆ ಮಾತಾಡಿ ಇಷ್ಟು ಜನರನ್ನು ಮಾತಾಡಿಸಿದವರನ್ನು ನಾನಂತೂ ಬೇರೆ ಕಂಡಿಲ್ಲ.

ಕಾಯಿಲೆ ಬಿದ್ದು ಅವರು ತೀರಿಕೊಂಡು ಎರಡು ವರ್ಷವಾಯಿತು... ಲೈಬ್ರರಿಯ ಬಾಗಿಲು ಈಗಲೂ ತೆರೆಯುತ್ತದೆ, ಪೇಪರ್ ಬರುತ್ತದೆ. ಭಾನುವಾರದ ಸಭೆ ನಿಂತಿದೆ.

ಕಳೆದ ತಿಂಗಳು ಬದುವಿನ ಕಲ್ಲಿನ ವಿಷಯಕ್ಕೆ ನಾನೂ ಕುರಿ ಸಾಕುವ ಗೆಳೆಯನೂ ಮತ್ತೆ ಕಿತ್ತಾಡಿದೆವು. ಮೂರು ದಿನ ಕಾದೆ. ಹೋಗಿ ಕೇಳಿಕೊಂಡು ಬಾ ಎಂದು ಹೇಳುವವರು ಯಾರೂ ಬರಲಿಲ್ಲ. ನಾಲ್ಕನೆಯ ದಿನ ನಾನೇ ಹೋಗಿ ಅವನ ಜಗುಲಿಯ ಮೇಲೆ ಕೂತೆ.

"ಯಾರ್ ಕಳಿಸಿದ್ರಲೇ?" ಎಂದ.

"ಯಾರೂ ಇಲ್ಲಲ್ಲೋ ಈಗ" ಎಂದೆ.

ಅವನು ಒಳಗೆ ಕೂಗಿ ಎರಡು ಲೋಟ ಚಹಾ ಹೇಳಿದ.