ನೀಲಪ್ಪನ ಐದನೇ ಉತ್ತರ

೧೯೯೮ರ ಶ್ರಾವಣ ಮಾಸ. ಆಗ ನಾನು ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಹುದ್ದೆ ಸಂಜೆ ಐದೂವರೆಗೆ ಆರಂಭವಾಗುತ್ತಿತ್ತು. ಊರಿನ ವಾಚನಾಲಯದಲ್ಲಿ ದಿನಪತ್ರಿಕೆಯ ಗೂಢ ಪದಬಂಧವನ್ನು ಬಿಡಿಸುವುದು ಮತ್ತು ಅದರ ಮರ್ಮವನ್ನು ಹತ್ತು ಹನ್ನೆರಡು ಮಂದಿ ಸಭ್ಯರಿಗೆ ವಿವರಿಸುವುದು ಆ ಹುದ್ದೆಯ ಕೆಲಸ. ಇದಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ಹೀಗಾಗಿ ತೆಗೆದುಹಾಕುವ ಅಧಿಕಾರವೂ ಯಾರಿಗೂ ಇರಲಿಲ್ಲ. ಎಂಟು ವರ್ಷ ನಿರಾತಂಕವಾಗಿ ಆಳಿದೆ.

ಆ ಪತ್ರಿಕೆ ಬೆಳಗಾವಿಗೆ ಅದೇ ದಿನ ಮುಟ್ಟುತ್ತಿತ್ತು. ನಮಗೆ ಮಾತ್ರ ಒಂದು ದಿನ ತಡ. ವಾಚನಾಲಯ ಶುರುವಾದಾಗ ಅದನ್ನು ಟಪಾಲಿನಲ್ಲಿ ತರಿಸಿದ್ದರು, ಬಸ್ಸಿನಲ್ಲಿ ತರಿಸೋಣ ಎಂಬ ಯೋಚನೆ ಆಮೇಲೆ ಯಾರಿಗೂ ಬರಲಿಲ್ಲ. ಸುದ್ದಿ ತಂಗಳಾದರೇನು, ಪದಬಂಧ ಹಳಸುವುದಿಲ್ಲ ಎಂಬುದು ನಮ್ಮ ಸಿದ್ಧಾಂತ. ಒಂದು ದಿನದ ಪದಬಂಧಕ್ಕೆ ಉತ್ತರ ಮರುದಿನದ ಸಂಚಿಕೆಯಲ್ಲಿ ಬರುತ್ತಿತ್ತು. ಅಂದರೆ ನಾವು ರಾಮದುರ್ಗದಲ್ಲಿ ತಲೆ ಕೆರೆದುಕೊಳ್ಳುತ್ತಿರುವ ಹೊತ್ತಿಗೆ, ಅದರ ಉತ್ತರ ಬೆಳಗಾವಿಯ ಚಹಾದಂಗಡಿಗಳಲ್ಲಿ ಯಾರದೋ ಕೈಯಲ್ಲಿ ಇರುತ್ತಿತ್ತು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ.

ಪತ್ರಿಕೆ ಒಂದೇ ಇದ್ದುದರಿಂದ ಅದರ ಮೇಲೆ ಯಾರೂ ಬರೆಯಕೂಡದು. ನಾನು ಚೌಕಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಉತ್ತರ ಹೊಳೆದವರು ಎದ್ದು ನಿಂತು ಉತ್ತರವನ್ನೂ ಅದು ಹೇಗೆ ಬಂತೆಂಬುದನ್ನೂ ಹೇಳಬೇಕು. ಸಭೆ ತಲೆಯಾಡಿಸಿದರೆ ಖಡು, ಅಂದರೆ ಸೀಮೆಸುಣ್ಣ, ಹಿಡಿದು ತುಂಬಬೇಕು. ವಿವರಣೆ ಇಲ್ಲದ ಉತ್ತರ ಕದ್ದ ಮಾಲಿಗೆ ಸಮ ಎಂಬ ಕಾನೂನನ್ನೂ ಮಾಡಿದ್ದೆ. ಮಾಡಿದವನು ನಾನೇ ಆದ್ದರಿಂದ ಅದನ್ನು ಬಹಳ ಗೌರವಿಸುತ್ತಿದ್ದೆ.

ನೀಲಪ್ಪ ಸುರೇಬಾನದ ನೇಕಾರ. ಏಳನೇ ಇಯತ್ತೆ ಕಲಿತವನು. ನೂಲು ಸಿಗುವುದು ನಿಂತು ಮಗ್ಗ ಸುಮ್ಮನಾಗಿತ್ತು, ಕೆಲಸ ಹುಡುಕಿಕೊಂಡು ದಿನಾ ರಾಮದುರ್ಗಕ್ಕೆ ಬರುತ್ತಿದ್ದ. ಅವನ ಮಗಳು ಶಾಂತಾ ನನ್ನ ತರಗತಿಯಲ್ಲೇ ಎಂಟನೆಯದರಲ್ಲಿ ಓದುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಗೆಳತಿಯ ಮನೆಯಲ್ಲಿ ಅವಳು ಅಭ್ಯಾಸ ಮುಗಿಸುವ ತನಕ ಇವನು ವಾಚನಾಲಯದ ಹೊಸ್ತಿಲ ಬಳಿ ಕೂತಿರುತ್ತಿದ್ದ, ಆಮೇಲೆ ಆರೂವರೆಯ ಬಸ್ಸಿಗೆ ಇಬ್ಬರೂ ಊರಿಗೆ ಹೋಗುತ್ತಿದ್ದರು.

ಒಂದು ದಿನ 'ರಾಜನ ತಲೆ ಹೋದರೆ ಉಳಿಯುವವರು ಪ್ರಜೆಗಳು' ಎಂಬ ಸುಳಿವು ಬಂದಿತ್ತು. ಎರಡೇ ಅಕ್ಷರ. ನಾನು ಗಂಟಲು ಸರಿಪಡಿಸಿಕೊಂಡು ಇತಿಹಾಸದಿಂದ ಆರಂಭಿಸುವವನಿದ್ದೆ. ಹೊಸ್ತಿಲಿನಿಂದ ದನಿ ಬಂತು.

"ಜನ ಅಲ್ಲೇನ್ರಿ ಸರ? 'ರಾಜನ' ಅನ್ನೂದರಾಗ ಮೊದಲನೇ ಅಕ್ಷರ ತಗದ್ರ 'ಜನ' ಉಳೀತೈತಿ."

ನಾನು ಹತ್ತು ನಿಮಿಷ ತೆಗೆದುಕೊಳ್ಳುವವನಿದ್ದ ವಿವರಣೆ ಅದು. ಸಭೆ ತಲೆಯಾಡಿಸಿತು. ಅಂದಿನಿಂದ ನೀಲಪ್ಪ ಹೊಸ್ತಿಲು ಬಿಟ್ಟು ಒಳಗಿನ ಬಾಕಿನ ಮೇಲೆ ಕೂರತೊಡಗಿದ.

ಅವನು ಬೇಗ ಬಿಡಿಸುತ್ತಿದ್ದುದು ನನ್ನ ಕಷ್ಟವಾಗಿರಲಿಲ್ಲ. ವಿವರಿಸುವುದನ್ನೂ ನನಗಿಂತ ಚೆನ್ನಾಗಿ ಮಾಡುತ್ತಿದ್ದ. ಗೂಢ ಸುಳಿವಿನಲ್ಲಿ ನೇರ ಅರ್ಥ ಒಂದು ತುದಿಯಲ್ಲಿರುತ್ತದೆ, ಉಳಿದದ್ದೆಲ್ಲ ಅಕ್ಷರದಾಟ ಎಂಬುದನ್ನು ನಾನು ಎಂಟು ವರ್ಷ ಹೇಳಿದರೂ ಯಾರ ತಲೆಗೂ ಇಳಿದಿರಲಿಲ್ಲ. ಅವನು ಒಂದೇ ಸಂಜೆ ಇಳಿಸಿಬಿಟ್ಟ.

"ಸೀರಿಗೆ ಸೆರಗು ಒಂದ ತುದಿಗೇ ಇರತೈತಲ್ರಿ? ಸುಳಿವಿಗೂ ಹಂಗ. ಅರ್ಥ ಅನ್ನೂ ಸೆರಗ ಮೊದಲರ ಇರತೈತಿ, ಕಡೀಕರ ಇರತೈತಿ. ನಡುವ ಹುಡಕಾಕ ಹೋಗಬ್ಯಾಡ್ರಿ, ಅಲ್ಲಿ ಬರೇ ನೇಯಿಗಿ."

ಟೇಲರ್ ಹಸನಸಾಬ ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದ. "ಮಾಸ್ತರ, ನಿಮ್ಮ ಖುರ್ಚಿ ಅಲಗಾಡಾಕ ಹತ್ತೇತಿ ನೋಡ್ರಿ. ಕಾಲಿಗೆ ಒಂದ ಮೊಳಿ ಹೊಡಸ್ರಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮನೆಗೆ ಹೋಗಿ ಊಟ ಬೇಡವೆಂದೆ.

ಅದೇ ತಿಂಗಳು ವಾಚನಾಲಯದ ಮೇಲ್ವಿಚಾರಕ ವಯಸ್ಸಾಯಿತೆಂದು ಕೆಲಸ ಬಿಟ್ಟ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಪತ್ರಿಕೆಗಳ ಲೆಕ್ಕ ಇಡುವುದು. ದೊಡ್ಡ ಹುದ್ದೆಯೇನಲ್ಲ. ಆದರೆ ಹಿಂದುಗಡೆ ಇರಲು ಒಂದು ಖೋಲಿ ಇತ್ತು. ನಮ್ಮ ಅಧ್ಯಕ್ಷರಾದ ವಕೀಲ ಅಪ್ಪಾಸಾಹೇಬರು ನೀಲಪ್ಪನಿಗೇ ಕೊಡೋಣವೆಂದರು. "ರವಿವಾರ ಮೀಟಿಂಗಿನ್ಯಾಗ ಮುಗಿಸಿಬಿಡೂಣ ಮಾಸ್ತರ. ಮನಶ್ಯಾ ಪ್ರಾಮಾಣಿಕ ಅದಾನ."

ನೀಲಪ್ಪ ಅಂದು ಮೊದಲ ಬಾರಿ ನನ್ನೊಡನೆ ಮನೆಯ ಮಾತಾಡಿದ. "ಇದೊಂದ ಆದ್ರ ಬದಕಿದೆ ಸರ. ಇಲ್ಲಂದ್ರ ಇಚಲಕರಂಜಿಗೆ ಹೋಗಬೇಕು, ಪವರಲೂಮಿಗೆ. ಅಲ್ಲಿ ಎಲ್ಲಾ ಮರಾಠಿ. ಈ ಹುಡಿಗಿ ಸಾಲಿ ಏನ ಆಗತೈತೋ."

"ಆಗತೈತಿ ತಗೋ," ಎಂದೆ. ಆಗ ಮನಸ್ಸಿನಿಂದಲೇ ಹೇಳಿದ್ದೆ ಎಂದು ಇಂದಿಗೂ ನಂಬಿಕೊಂಡಿದ್ದೇನೆ.

ಆ ರವಿವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ, ಪದಬಂಧ ವಿಪರೀತ ಕಠಿಣವಾಗಿತ್ತು. ಐದು ಉತ್ತರ ಬಾಕಿ ಉಳಿದಿದ್ದವು. ನಾನು ಅರ್ಧ ತಾಸು ಹಲಗೆಯ ಮುಂದೆ ಗಂಭೀರವಾಗಿ ನಿಂತಿದ್ದೆ, ನಿಂತಿದ್ದಷ್ಟೇ. ನೀಲಪ್ಪ ನೂಲಿನ ವ್ಯಾಪಾರಿಯೊಬ್ಬರನ್ನು ಕಾಣಲು ಬೆಳಗಾವಿಗೆ ಹೋದವನು ಬಸ್ಸಿಳಿದು ನೇರ ಬಂದ. ಕೈಚೀಲ ಕಾಲ ಬಳಿ ಇಟ್ಟು ಹಲಗೆ ನೋಡಿದ. ಹತ್ತು ನಿಮಿಷದಲ್ಲಿ ನಾಲ್ಕು ಉತ್ತರ ಹೇಳಿದ, ನಾಲ್ಕಕ್ಕೂ ವಿವರಣೆ ಕೊಟ್ಟ. ಉಳಿದದ್ದು ಮೂರಕ್ಷರದ ಒಂದು ಶಬ್ದ. ಕೊನೆಯೆರಡು ಅಕ್ಷರ 'ಡಲು' ಎಂದು ಬಂದಿತ್ತು, ಮೊದಲನೆಯದು ಖಾಲಿ. 'ಎಷ್ಟು ಸುರಿದರೂ ತುಂಬದ್ದು' ಎಂಬ ಮಾತು ಸುಳಿವಿನ ಕಡೆಗಿತ್ತು. ಅದರ ಮುಂಚಿನ ಅಕ್ಷರದಾಟ ಯಾರಿಗೂ ಬಗೆಹರಿದಿರಲಿಲ್ಲ.

"ಒಡಲು ಅನಸತೈತ್ರಿ," ಎಂದ.

"ಹೆಂಗ?" ಎಂದೆ.

"ಅದ ಹೇಳಾಕ ಬರವಲ್ದು ಸರ. ಬಾಯಿಗೆ ಬಂತು, ಅಷ್ಟ."

ಆಗ ನನ್ನ ಕಣ್ಣು ಅವನ ಚೀಲದ ಮೇಲೆ ಬಿತ್ತು. ಮಡಿಸಿದ ಪತ್ರಿಕೆಯ ಅಂಚು ಕಾಣುತ್ತಿತ್ತು. ನಮ್ಮದೇ ಪತ್ರಿಕೆ. ಅಂದಿನ ಸಂಚಿಕೆ. ಹಲಗೆಯ ಮೇಲಿದ್ದ ಪದಬಂಧದ ಉತ್ತರ ಅದರಲ್ಲಿತ್ತು.

ನಾನು ದನಿ ಏರಿಸಲಿಲ್ಲ. ನ್ಯಾಯಾಧೀಶರು ದನಿ ಏರಿಸುವುದಿಲ್ಲ. "ನೀಲಪ್ಪಾ, ಆ ಪೇಪರ ಹೊರಗ ತಗಿ," ಎಂದೆ.

ಅವನು ಸಂತೋಷದಿಂದಲೇ ತೆಗೆದ. "ನಿಮಗಂತನ ತಂದೇನ್ರಿ ಸರ. ನಾಳಿ ಬರೂ ಪದಬಂಧ ಇವತ್ತ ಸಿಗತೈತಲ್ಲ ಅಂತ. ಕೊಡೂದರಾಗ ಇದ್ದೆ, ಹಲಿಗಿ ನೋಡಿ ಮರತಬಿಟ್ಟೆ."

"ಇದರಾಗ ಇವತ್ತಿನದರ ಉತ್ತರ ಇರತಾವಲ್ಲ?"

ಆಗ ಅವನಿಗೆ ಗೊತ್ತಾಯಿತು. "ನೋಡಿಲ್ರಿ ಸರ. ನೋಡಿದ್ರ ಬಿಡಸೂದರಾಗ ಮಜಾ ಏನ ಉಳೀತು? ಮಗಳ ಆಣಿ, ಆ ಪುಟಾನ ತೆರದಿಲ್ಲ."

ಹಸನಸಾಬ ಕನ್ನಡಕ ಬಿಚ್ಚಿ ಒರೆಸತೊಡಗಿದ. ಅಪ್ಪಾಸಾಹೇಬರು, "ಮಾಸ್ತರ, ತಗದ ಓದ್ರಿ. ತಾಳೆ ಆಗತಾವೇನು ನೋಡೂಣು," ಎಂದರು.

ನಾನು ಪುಟ ತೆರೆದೆ. ನಾಲ್ಕು ಉತ್ತರಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ, ಹಾಜರಿ ಕರೆದಂತೆ ಓದಿದೆ. ನಾಲ್ಕೂ ಅವನು ಹೇಳಿದವೇ. ಐದನೆಯದಕ್ಕೆ ಕಣ್ಣು ಹೋಯಿತು. ಅಲ್ಲಿ 'ಕಡಲು' ಎಂದಿತ್ತು.

ಒಡಲಲ್ಲ, ಕಡಲು. ಅವನ ಉತ್ತರ ತಪ್ಪಾಗಿತ್ತು. ಉತ್ತರ ನೋಡಿಕೊಂಡು ಬಂದವನು ತಪ್ಪು ಹೇಳುವುದಿಲ್ಲ. ಇಷ್ಟು ತಿಳಿಯಲು ಎಂಟು ವರ್ಷದ ಸಾಧನೆ ಬೇಕಿರಲಿಲ್ಲ. ಕ್ಷಣಮಾತ್ರದಲ್ಲಿ ತಿಳಿಯಿತು.

ನಾನು ಪತ್ರಿಕೆ ಮಡಿಸಿದೆ. "ಇಷ್ಟ ಸಾಕಲ್ರಿ?" ಎಂದೆ.

"ಸಾಕ್ ಸಾಕು," ಎಂದರು ಅಪ್ಪಾಸಾಹೇಬರು.

ನೀಲಪ್ಪ ಖಡುವಿನ ತುಂಡನ್ನು ಮೇಜಿನ ಮೇಲೆ ಇಟ್ಟು, ಚೀಲ ಎತ್ತಿಕೊಂಡು ಹೋದ. ಪತ್ರಿಕೆಯನ್ನು ಬಿಟ್ಟುಹೋದ, ನನಗಾಗಿ ತಂದಿದ್ದನಲ್ಲ. ನಾನು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಷ್ಟು ಸ್ವಚ್ಛವಾಗಿ ಹಿಂದೆಂದೂ ಒರೆಸಿರಲಿಲ್ಲ.

ಮರುದಿನ ಟಪಾಲಿನಲ್ಲಿ ಅದೇ ಸಂಚಿಕೆ ಬಂತು. ನಾನೇ ಓದಿ ಹೇಳಿದ್ದ ಉತ್ತರವನ್ನು ಮತ್ತೆ ಯಾರೂ ನೋಡಲಿಲ್ಲ. ನನ್ನ ಮಾತಿನ ಮೇಲೆ ಊರಿಗೆ ಅಷ್ಟು ನಂಬಿಕೆ ಇತ್ತು.

ರವಿವಾರದವರೆಗೆ ಎರಡು ದಿನ ಇದ್ದವು. ಆ ಎರಡು ದಿನ ನಾನು ಪದಬಂಧ ಬಿಡಿಸುವಷ್ಟೇ ಶ್ರದ್ಧೆಯಿಂದ ಕಾರಣಗಳನ್ನು ಕಟ್ಟಿದೆ. ಜಾಣ ಕಳ್ಳನಾದರೆ ಅನುಮಾನ ಬರಬಾರದೆಂದು ಒಂದನ್ನು ಬೇಕೆಂದೇ ತಪ್ಪು ಹೇಳಿರಬಹುದು. ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಸರಿಯಾಗಿ ಕಂಡಿರಲಿಕ್ಕಿಲ್ಲ. ಈಗ ನಾನು ಬಾಯಿಬಿಟ್ಟರೆ ಶುಕ್ರವಾರ ಯಾಕೆ ಬಿಡಲಿಲ್ಲ ಎಂದು ಕೇಳುತ್ತಾರೆ. ಈ ಕೊನೆಯ ಕಾರಣ ಒಂದೇ ನಿಜ, ಉಳಿದವು ಅದರ ಮೇಲೆ ಹೊದಿಸಿದ ಬಟ್ಟೆ.

ಸಭೆಯಲ್ಲಿ ಅಪ್ಪಾಸಾಹೇಬರು, "ನಿಮ್ಮ ಅಭಿಪ್ರಾಯ ಏನ್ರಿ ಮಾಸ್ತರ?" ಎಂದು ಕೇಳಿದರು.

"ನನ್ನದೇನೈತ್ರಿ, ಎಲ್ಲಾರೂ ಕಣ್ಣಾರೆ ನೋಡೀರಲ್ಲ," ಎಂದೆ.

ಕೆಲಸ ಇನ್ನೊಬ್ಬನಿಗೆ ಹೋಯಿತು. ಅವನು ಪತ್ರಿಕೆಯನ್ನು ಓದುತ್ತಲೇ ಇರಲಿಲ್ಲ. ಹೀಗಾಗಿ ಅವನ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಹತ್ತು ದಿನಗಳ ನಂತರ ನೀಲಪ್ಪ ಮಗಳ ಶಾಲೆ ಬಿಟ್ಟ ದಾಖಲೆ ಕೇಳಲು ಬಂದ. ತರಗತಿಯ ಶಿಕ್ಷಕನಾಗಿ ನಾನೇ ಅದನ್ನು ತುಂಬಬೇಕು. 'ಶಾಲೆ ಬಿಡಲು ಕಾರಣ' ಎಂಬ ಸಾಲಿನ ಮುಂದೆ 'ತಂದೆಯ ಉದ್ಯೋಗ ನಿಮಿತ್ತ' ಎಂದು ದುಂಡಗೆ ಬರೆದೆ. ಶಾಂತಾ ನನ್ನ ಕೈಯನ್ನೇ ನೋಡುತ್ತಿದ್ದಳು. ನೀಲಪ್ಪ ಕಾಗದ ತೆಗೆದುಕೊಂಡು, "ಬರ್ತೇನ್ರಿ ಸರ," ಎಂದ.

ಆರು ವರ್ಷ ಕಳೆದವು. ೨೦೦೪ರ ಬೇಸಿಗೆಯಲ್ಲಿ ಒಂದು ಮದುವೆ ಮುಗಿಸಿಕೊಂಡು ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ರಾಮದುರ್ಗದ ಗಾಡಿಗೆ ಕಾಯುತ್ತಿದ್ದೆ. ಬಾಕಿನ ಮೇಲೆ ಪಕ್ಕದಲ್ಲಿ ಒಬ್ಬರು ಜಾಗ ಮಾಡಿಕೊಟ್ಟರು. ಕೂತ ಮೇಲೆ ನೋಡಿದರೆ ನೀಲಪ್ಪ. ಕೂದಲು ಅರ್ಧ ಬೆಳ್ಳಗಾಗಿತ್ತು. ಪವರಲೂಮಿನ ಸದ್ದಿಗೆ ಒಂದು ಕಿವಿ ಮಂದವಾಗಿತ್ತಂತೆ, ಆ ಕಡೆಯವರ ಮಾತಿಗೆ ಇಡೀ ದೇಹವನ್ನೇ ತಿರುಗಿಸುತ್ತಿದ್ದ.

ಹಳೆಯ ಪರಿಚಯದವರಂತೆ ಮಾತಾಡಿದ. ಶಾಂತಾ ಬಗ್ಗೆ ಕೇಳಿದೆ.

"ಅಕಿ ಅಲ್ಲಿ ಒಂದ ವರ್ಷ ಹೋದ್ಳರಿ ಸಾಲಿಗೆ. ಮರಾಠಿ ತಲೀಗೆ ಹತ್ತಲಿಲ್ಲ. ಬಿಡಿಸಿದೆ. ಕಂಡಿಕಿಗೆ ನೂಲು ಸುತ್ತಾಕ ಹಚ್ಚಿದೆ. ಈಗ ಲಗ್ನ ಆಗೇತಿ."

ನಾನು ಬಸ್ಸಿನ ಬೋರ್ಡುಗಳನ್ನು ಓದುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಸರ, ಒಂದ ಕೇಳ್ಲ್ಯಾ? ಆವತ್ತಿಂದು ಐದನೇದ್ದು ಏನಿತ್ರಿ? ನೀವು ನಾಕಽ ಓದಿದ್ರಿ. ಇಷ್ಟು ವರ್ಷ ಆತು, ಮಗ್ಗದ ಮುಂದ ನಿಂತಾಗ ಅದ ತಲಿಯಾಗ ತಿರಗತೈತಿ," ಎಂದ.

ಸುಳ್ಳು ಹೇಳಬಹುದಿತ್ತು. ಮರೆತೆ ಎನ್ನಬಹುದಿತ್ತು. "ಕಡಲು," ಎಂದುಬಿಟ್ಟೆ.

"ಕಡಲು," ಎಂದ. ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದ. "ಹೌದ್ರಿ, ಅದ ಖರೆ. ಹಂಗಾರ ನಂದು ತಪ್ಪಾಗಿತ್ತು." ಬಹಳ ದಿನದ ಮುಳ್ಳು ಕಿತ್ತವನ ಹಾಗೆ ನಕ್ಕ.

ಆಮೇಲೆ ಆ ನಗು ನಿಂತಿತು. ಅವನು ನೆಲ ನೋಡುತ್ತಾ, ಅವಸರವಿಲ್ಲದೆ, ಒಂದಾದ ಮೇಲೊಂದು ಹೇಳಿದ.

"ತಪ್ಪಿದ್ರ, ನಾ ನೋಡಿಲ್ಲ ಅಂತಾತು."

"ಹೌದು," ಎಂದೆ.

"ಅದು ನಿಮಗ ಆವತ್ತ ಕಂಡಿತ್ತು."

"ಹೌದು."

"ಮೀಟಿಂಗ ರವಿವಾರ ಇತ್ತು."

ನೀಲಪ್ಪ ತನ್ನ ಒಳ್ಳೆಯ ಕಿವಿ ನನ್ನ ಕಡೆ ಬರುವಂತೆ ಪೂರ್ತಿ ತಿರುಗಿ ಕೂತ. "ಯಾಕ್ರಿ ಸರ?" ಎಂದು ಕೇಳಿದ. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೆ.

ಅಷ್ಟರಲ್ಲಿ ರಾಮದುರ್ಗದ ಬಸ್ಸು ಬಂತು. "ಗಾಡಿ ಬಂತು ನೀಲಪ್ಪಾ, ಇದ ತಪ್ಪಿದ್ರ ಸಂಜೀತನಾ ಇಲ್ಲ," ಎಂದು ಎದ್ದೆ. ಅದು ಸುಳ್ಳು. ಅರ್ಧ ತಾಸಿಗೊಂದು ಬಸ್ಸಿತ್ತು. ನಾನು ಹತ್ತಿ ಕಿಟಕಿಯ ಬಳಿ ಕೂತ ಮೇಲೆಯೂ ಅವನು ಅದೇ ಬಾಕಿನ ಮೇಲೆ, ನಾನು ಕೂತಿದ್ದ ಕಡೆಗೇ ತಿರುಗಿ ಕೂತಿದ್ದ.

ಆಮೇಲೆ ಅವನು ಎಲ್ಲಿಯೂ ಸಿಗಲಿಲ್ಲ. ಅವನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲವೆಂದಲ್ಲ, ಅದರಲ್ಲಿ ಗೂಢವೇನೂ ಇಲ್ಲ. ಏಳನೇ ಇಯತ್ತೆಯ ನೇಕಾರ ನನಗಿಂತ ಜಾಣನಿದ್ದ, ಅದನ್ನು ನನಗೆ ಸಹಿಸಲಾಗಲಿಲ್ಲ. ಇಷ್ಟೇ. ಇದನ್ನು ಇಲ್ಲಿ ಗುರುತಿಲ್ಲದ ಸಾವಿರ ಜನರ ಮುಂದೆ ಬರೆಯಲು ನನಗೆ ಏನೂ ಕಷ್ಟವಾಗಲಿಲ್ಲ. ಯರಗಟ್ಟಿಯಲ್ಲಿ ಒಬ್ಬನ ಮುಂದೆ ಹೇಳಬೇಕಿತ್ತು.