ಕೊಟ್ಟದ್ದಲ್ಲ, ಬಂದದ್ದು

ಶುಶ್ರೂಷಾ ಶಿಕ್ಷಣದಲ್ಲಿ ರೋಗವಿಜ್ಞಾನವೆಂದರೆ ಹೇಗೋ ಉರುಹೊಡೆದು ದಾಟಬೇಕಾದ ಕಬ್ಬಿಣದ ಕಡಲೆಯೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅದನ್ನು ಹಾಸಿಗೆ ಹಿಡಿದ ಮನುಷ್ಯನ ಪಕ್ಕಕ್ಕೆ ತಂದು ನಿಲ್ಲಿಸಿದವರು ಈಗ ನಿವೃತ್ತರಾಗುತ್ತಿರುವ ಹಿರಿಯ ಅಧ್ಯಾಪಕಿಯವರು. ವಿದ್ಯಾರ್ಥಿನಿಯರು ಬೆನ್ನ ಹಿಂದೆ ‘ಕೆಂಪಿಂಕು ಮೇಡಂ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಮ್ಮೆಯೂ ಮುಖ ಗಂಟಿಕ್ಕಿದವರಲ್ಲ.

ಆ ಇಂಕು ಹೆಚ್ಚಾಗಿ ಖರ್ಚಾದದ್ದು ಒಂದೇ ಮಾತಿನ ಮೇಲೆ. ಆನುವಂಶಿಕ ರೋಗಗಳ ಉತ್ತರದಲ್ಲಿ ಯಾರಾದರೂ ‘ತಾಯಿ ಮಗನಿಗೆ ಕೊಡುವ ರೋಗ’ ಎಂದು ಬರೆದರೆ, ‘ಕೊಡುವ’ ಎಂಬುದನ್ನು ಹೊಡೆದುಹಾಕಿ ‘ತಾಯಿಯ ಮೂಲಕ ಬರುವ’ ಎಂದು ತಿದ್ದುತ್ತಿದ್ದರು.

“ಕೊಡೋದು ಅಂದ್ರೆ ಗೊತ್ತಿದ್ದು ಕೊಡೋದು ಕಣ್ರಮ್ಮಾ. ಇಂಥದ್ದನ್ನ ಯಾವ ತಾಯಿ ಗೊತ್ತಿದ್ದೂ ಕೊಡ್ತಾಳೆ?”

ಮಕ್ಕಳ ವಾರ್ಡಿನಲ್ಲಿ, ಗಂಡನ ಮನೆಯವರು ದೂರಿ ಬಿಟ್ಟುಹೋದ ಒಬ್ಬ ತಾಯಿಗೆ ಇದನ್ನೇ ಹೇಳುತ್ತಾ, ತಮ್ಮ ಬುತ್ತಿಯ ಊಟವನ್ನು ಅವಳಿಗೆ ಉಣ್ಣಿಸಿದ್ದನ್ನು ಕಂಡವರಿದ್ದಾರೆ.

ಈ ಹಟ ಪುಸ್ತಕದಿಂದ ಹುಟ್ಟಿದ್ದಲ್ಲ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಮಗ ಮೆಟ್ಟಿಲಲ್ಲಿ ಮುಗ್ಗರಿಸತೊಡಗಿದ. ಸ್ನಾಯು ಸವೆಯುವ ಕಾಯಿಲೆ; ಹೆಣ್ಣಿನಲ್ಲಿ ಸುಮ್ಮನೆ ಅಡಗಿದ್ದು ಅವಳ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುವಂಥದ್ದು. ಸ್ನಾಯುಕೋಶದ ಪೊರೆಗೆ ಆಸರೆಯಾಗಬೇಕಾದ ಪ್ರೋಟೀನಿಲ್ಲದೆ, ನಡೆದಷ್ಟೂ ಪೊರೆ ಹರಿಯುತ್ತದೆ. ಮೊದಮೊದಲು ಕೋಶ ತನ್ನನ್ನು ತಾನೇ ಹೊಲಿದುಕೊಳ್ಳುತ್ತದೆ, ಕಡೆಗೆ ಸೋತು ಸಾಯುತ್ತದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಮನೆಯಲ್ಲಿ ಮಗನ ಕಾಲಲ್ಲಿ ನೋಡಬೇಕಾಯಿತು. “ನೀನೇ ಕೊಟ್ಟೆ, ನೀನೇ ಅನುಭವಿಸು” ಎಂದರು ಅತ್ತೆ. ಹುಡುಗ ಮೀಸೆ ಚಿಗುರುವ ವಯಸ್ಸಿಗೆ ಹೊರಟುಹೋದ. ಮೇಡಂ ಮತ್ತೆ ಬಂದು ಅದೇ ಪಾಠವನ್ನು ನಿಂತಲ್ಲಿಂದ ಮುಂದುವರಿಸಿದರು. ಅದನ್ನು ಧೈರ್ಯವೆಂದು ಹೊಗಳುವವರು ಹೊಗಳಲಿ. ಅವರಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೆ.

ಉಳಿದವಳು ಮಗಳು. ಇದೇ ಕಾಲೇಜಿನಲ್ಲಿ ಅಮ್ಮನ ಕೈಕೆಳಗೇ ಓದಿ, ಅದೇ ಕೆಂಪು ಗೆರೆ ಎಳೆಸಿಕೊಂಡು ನರ್ಸಾದವಳು. ಕಳೆದ ವರ್ಷ ಅವಳ ಪುಟ್ಟ ಮಗನೂ ನೆಲದಿಂದೇಳುವಾಗ ಮೊಣಕಾಲಿಗೆ ಕೈಯೂರತೊಡಗಿದ. ಅಜ್ಜಿ ಮೊದಲೇ ಕಂಡಿದ್ದರು, ಬಾಯಿ ಬಿಡಲಾಗಲಿಲ್ಲ. ಮಗಳೂ ತಮ್ಮನ್ನು ಅತ್ತೆಯ ಮಾತಿನಿಂದಲೇ ಇರಿದಾಳೆಂಬ ಭಯ ಅವರನ್ನು ಹಣ್ಣು ಮಾಡಿತ್ತು. ಮಗುವಿನ ರಕ್ತಪರೀಕ್ಷೆಯ ಫಲಿತಾಂಶ ಹಿಡಿದು ಮಗಳು ಅಧ್ಯಾಪಕರ ಕೋಣೆಗೆ ಬಂದ ದಿನ, ಜೀವಮಾನವಿಡೀ ತಿದ್ದಿದ ತಪ್ಪನ್ನು ಮೇಡಂ ತಾವೇ ಮಾಡಿದರು.

“ಅಯ್ಯೋ, ನಾನೇ ಕೊಟ್ಟುಬಿಟ್ಟೆನಲ್ಲೇ ನಿಂಗೆ!”

ಮಗಳು ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಅಮ್ಮನ ಮುಂದೆ ಇಟ್ಟಳು. “ತಪ್ಪಮ್ಮಾ ಅದು. ನೀನೇ ಹೊಡೆದುಹಾಕಿದ್ದ ಮಾತು. ಬಂದಿದ್ದು ಅನ್ನು.”

“ಬಂದಿದ್ದು” ಎಂದರು ಮೇಡಂ. ಮಗ ಹೋದಾಗಲೂ ಯಾರೆದುರೂ ಅಳದಿದ್ದವರು, ಅಂದು ಸಹೋದ್ಯೋಗಿಗಳೆಲ್ಲರ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟರು.

ಇಂಥ ಅಭಿನಂದನಾ ಗ್ರಂಥಗಳಲ್ಲಿ ನೂರ್ಕಾಲ ಬಾಳಿರೆಂದು ಹರಸುವುದು ವಾಡಿಕೆ. ಆಯುಸ್ಸಿನ ಮಾತೇ ಚುಚ್ಚುವ ಮನೆಗೆ ಹಾಗೆ ಬರೆಯಲು ಕೈ ಬಾರದು. ಮೊಮ್ಮಗನಿಗೆ ಬೇಕಾಗುವಷ್ಟು ಕಾಲ ಅಜ್ಜಿಯ ಕೈಯಲ್ಲಿ ಕಸುವಿರಲಿ. ಆ ಕೈ ಹಿಡಿದು ಅವನು ಕಾಲೇಜಿನ ಮೆಟ್ಟಿಲು ಹತ್ತುತ್ತಾನೆ, ಸದ್ಯಕ್ಕೆ ಹತ್ತುತ್ತಾನೆ.